ಟ್ವೀಟ್‌ನಿಂದ ಎಫ್‌ಐಆರ್‌ವರೆಗೆ: ಪೊಲೀಸ್ ಸುಲಿಗೆಯನ್ನು ಪ್ರಶ್ನಿಸುವ ದಾರಿ

ಮಾನ್ಯರೇ,

2022ರ ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್ ಬಳಿ ನಡೆದ ಒಂದು ಘಟನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸ್ನೇಹಿತರ ಮನೆಯಲ್ಲಿ ಹುಟ್ಟುಹಬ್ಬದ ಕೇಕ್ ಕತ್ತರಿಸಿ, ಮಧ್ಯರಾತ್ರಿ ಕಳೆದ ಮೇಲೆ ತಮ್ಮ ಮನೆಯತ್ತ ನಡೆದು ಹೋಗುತ್ತಿದ್ದ ದಂಪತಿಯನ್ನು ಗಸ್ತು ವಾಹನದಲ್ಲಿ ಬಂದ ಇಬ್ಬರು ಪೊಲೀಸರು ತಡೆದು ಗುರುತಿನ ಚೀಟಿ ಕೇಳಿದರು. ದಂಪತಿ ಫೋನಿನಲ್ಲಿದ್ದ ಆಧಾರ್ ಕಾರ್ಡಿನ ಚಿತ್ರ ತೋರಿಸಿದರು. ಪೊಲೀಸರು ಆ ಫೋನ್‌ಗಳನ್ನೇ ಕೈಗೆ ತೆಗೆದುಕೊಂಡರು. ಇಬ್ಬರ ನಡುವಿನ ಸಂಬಂಧವೇನು, ಎಲ್ಲಿ ಕೆಲಸ, ತಂದೆ ತಾಯಿ ಯಾರು ಎಂದೆಲ್ಲ ವಿಚಾರಿಸಿದ ಬಳಿಕ, ಒಬ್ಬರು ಚಲನ್ ಪುಸ್ತಕದಂಥ ಒಂದು ಪುಸ್ತಕವನ್ನು ತೆಗೆದು ಹೆಸರು, ಆಧಾರ್ ಸಂಖ್ಯೆ ಬರೆಯತೊಡಗಿದರು. ರಾತ್ರಿ 11 ಗಂಟೆಯ ನಂತರ ರಸ್ತೆಯಲ್ಲಿ ಓಡಾಡುವಂತಿಲ್ಲ, 3,000 ರೂಪಾಯಿ ದಂಡ ಕಟ್ಟಬೇಕು ಎಂದರು. ಕಟ್ಟದಿದ್ದರೆ ಕೇಸು ಎಂದು ಹೆದರಿಸಿದರು. ಹೆಂಡತಿ ಅತ್ತು ಬೇಡಿಕೊಂಡ ಮೇಲೆ ಮೊತ್ತ 1,000 ರೂಪಾಯಿಗೆ ಇಳಿಯಿತು. ಪೇಟಿಎಂ ಕ್ಯೂಆರ್ ಕೋಡ್ ತೋರಿಸಿ ಆ ಹಣವನ್ನು ಹಾಕಿಸಿಕೊಂಡು ಬಿಟ್ಟು ಕಳುಹಿಸಿದರು.

ಮರುದಿನ ಆ ಗಂಡ ಇಡೀ ಪ್ರಸಂಗವನ್ನು ಟ್ವಿಟರ್‌ನಲ್ಲಿ ಸರಣಿಯಾಗಿ ಬರೆದು ನಗರ ಪೊಲೀಸ್ ಕಮಿಷನರ್ ಅವರ ಖಾತೆಗೆ ಟ್ಯಾಗ್ ಮಾಡಿದರು. ಪ್ರತಿಕ್ರಿಯೆ ತಡವಾಗಲಿಲ್ಲ. ಸಂಪಿಗೆಹಳ್ಳಿ ಠಾಣೆಯ ಒಬ್ಬ ಹೆಡ್ ಕಾನ್‌ಸ್ಟೆಬಲ್ ಮತ್ತು ಒಬ್ಬ ಕಾನ್‌ಸ್ಟೆಬಲ್ ಅಮಾನತುಗೊಂಡರು, ಇಲಾಖಾ ವಿಚಾರಣೆಗೆ ಆದೇಶವಾಯಿತು. ಪತ್ರಿಕೆಗಳು ಬರೆದವು, ಜನ ಮೆಚ್ಚಿದರು. ನಾನೂ ಮೆಚ್ಚುತ್ತೇನೆ. ಆದರೆ ಈ ಪ್ರಕರಣ ಇಷ್ಟು ಬೇಗ ದಡ ಸೇರಿದ್ದು ಯಾವ ಕಾರಣಗಳಿಂದ, ಆ ಕಾರಣಗಳು ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಎಂಬುದು ನನ್ನ ಕೋರಿಕೆ.

ಮೊದಲಿಗೆ, ಆ ‘ದಂಡ’ ಯಾವ ಕಾನೂನಿನಲ್ಲೂ ಇಲ್ಲದ್ದು. ದೇಶದೊಳಗೆ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19(1)(ಡಿ) ವಿಧಿ ಪ್ರತಿಯೊಬ್ಬ ಪ್ರಜೆಗೂ ಕೊಟ್ಟಿದೆ. ನಿಷೇಧಾಜ್ಞೆಯೋ ಕರ್ಫ್ಯೂವೋ ಜಾರಿಯಲ್ಲಿ ಇಲ್ಲದಿದ್ದಾಗ ರಾತ್ರಿ ಹನ್ನೆರಡಕ್ಕೆ ನಡೆದು ಹೋಗುವುದು ಅಪರಾಧವಲ್ಲ. ಗಸ್ತಿನಲ್ಲಿರುವ ಪೊಲೀಸರು ಯಾರು, ಎಲ್ಲಿಗೆ ಎಂದು ವಿಚಾರಿಸಬಹುದು. ಅದು ಅವರ ಕೆಲಸ. ಆದರೆ ರಸ್ತೆಯಲ್ಲೇ ನಿಂತು ದಂಡ ವಸೂಲು ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯಂಥ ಕೆಲವೇ ಕಾನೂನುಗಳಡಿ, ಅಧಿಸೂಚಿತ ದರ್ಜೆಯ ಅಧಿಕಾರಿಗಳಿಗೆ ಮಾತ್ರ ಇದೆ, ಅದಕ್ಕೂ ರಸೀದಿ ಕೊಡಲೇಬೇಕು. ರಸೀದಿಯಿಲ್ಲದ ದಂಡ ಸರ್ಕಾರದ ಖಜಾನೆಗೆ ಹೋಗುವುದಿಲ್ಲ. ಇಷ್ಟು ಸರಳ ಸಂಗತಿ ಓದಿದವರಿಗೂ ಆ ಹೊತ್ತಿನಲ್ಲಿ ಹೊಳೆಯುವುದಿಲ್ಲ. ಫೋನ್ ಪೊಲೀಸರ ಕೈಯಲ್ಲಿದೆ, ಅಕ್ಕಪಕ್ಕ ಯಾರೂ ಇಲ್ಲ, ‘ಸ್ಟೇಷನ್‌ಗೆ ನಡೀರಿ’ ಎಂಬ ಒಂದೇ ಮಾತು ಸಾಕು. ಠಾಣೆಯ ಭಯ ಈ ವ್ಯವಹಾರದ ನಿಜವಾದ ಬಂಡವಾಳ. ಕಾನೂನು ತಿಳಿಯದವರು ಮಾತ್ರ ಹಣ ಕೊಡುತ್ತಾರೆ ಎಂದು ಭಾವಿಸಬಾರದು; ಕಾನೂನು ತಿಳಿದವರೂ ಆ ರಾತ್ರಿಯನ್ನು ಠಾಣೆಯ ಬೆಂಚಿನ ಮೇಲೆ ಕಳೆಯುವುದಕ್ಕಿಂತ ಸಾವಿರ ರೂಪಾಯಿ ಹೋದರೆ ಹೋಗಲಿ ಎಂದು ಲೆಕ್ಕ ಹಾಕುತ್ತಾರೆ.

ಈಗ ಟ್ವೀಟ್ ಫಲ ಕೊಟ್ಟದ್ದೇಕೆ ಎಂಬ ಪ್ರಶ್ನೆಗೆ ಬರೋಣ. ಹಣ ನಗದಾಗಿ ಕೈ ಬದಲಾಯಿಸಿದ್ದರೆ ಉಳಿಯುತ್ತಿದ್ದುದು ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಮಾತ್ರ. ಇಲ್ಲಿ ಯುಪಿಐ ವ್ಯವಹಾರದ ಗುರುತು ಉಳಿದಿತ್ತು: ಎಷ್ಟು ಗಂಟೆಗೆ, ಯಾರ ಹೆಸರಿನ ಖಾತೆಗೆ, ಎಷ್ಟು ಮೊತ್ತ, ಯಾವ ವಹಿವಾಟು ಸಂಖ್ಯೆ ಎಂಬುದೆಲ್ಲ ಬ್ಯಾಂಕಿನ ದಾಖಲೆಯಲ್ಲಿ ಭದ್ರವಾಗಿ ಕೂತಿತ್ತು. ಹಿಂದಿನ ಕಾಲದ ಲಂಚದ ಟ್ರ್ಯಾಪ್‌ಗಳಲ್ಲಿ, ಅಂದರೆ ಲಂಚ ಪಡೆಯುವವರನ್ನು ಹಿಡಿಯಲು ಒಡ್ಡುವ ಬಲೆಯಲ್ಲಿ, ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ, ಪಂಚರ ಎದುರು ಆರೋಪಿಯ ಬೆರಳನ್ನು ಸೋಡಾ ದ್ರಾವಣದಲ್ಲಿ ಅದ್ದಿ, ಅದು ಗುಲಾಬಿ ಬಣ್ಣಕ್ಕೆ ತಿರುಗಿತೇ ಎಂದು ನೋಡುತ್ತಿದ್ದರು, ಈಗಲೂ ನೋಡುತ್ತಾರೆ. ಕ್ಯೂಆರ್ ಕೋಡ್ ಆ ಕೆಲಸದ ಒಂದು ಭಾಗವನ್ನು ತಾನೇ ಮಾಡಿ ಮುಗಿಸಿತ್ತು. ಇದು ಮೊದಲ ಕಾರಣ. ಎರಡನೆಯದು, ದೂರು ಕೊಟ್ಟವರಿಗೆ ಇಂಗ್ಲಿಷ್‌ನಲ್ಲಿ ಅಚ್ಚುಕಟ್ಟಾಗಿ, ಘಟನೆಯ ಕ್ರಮ ತಪ್ಪದಂತೆ ಬರೆಯಲು ಬರುತ್ತಿತ್ತು. ಮೂರನೆಯದು, ಹಿರಿಯ ಅಧಿಕಾರಿಗಳ ಖಾತೆಗಳು ಅಂಥ ಬರಹವನ್ನು ಓದುತ್ತಿದ್ದವು, ಮತ್ತು ಐಟಿ ಉದ್ಯೋಗಿಗಳ ನಗರ ಎಂಬ ಹೆಸರಿಗೆ ಮಸಿ ಹತ್ತುವುದು ಯಾರಿಗೂ ಬೇಕಿರಲಿಲ್ಲ.

ಹೀಗೆ ನೋಡಿದಾಗ ಒಂದು ಸಂಗತಿ ನನ್ನನ್ನು ಬಹಳ ಬಾಧಿಸುತ್ತದೆ. ಪೋಸ್ಟ್‌ಗೆ ಸಿಕ್ಕ ಆ ಶೀಘ್ರ ಪ್ರತಿಕ್ರಿಯೆ ಕಾನೂನು ಕಡ್ಡಾಯ ಮಾಡಿದ್ದಲ್ಲ. ಅದು ಒಬ್ಬ ಅಧಿಕಾರಿಯ ಸದ್ಭಾವನೆ, ಅಥವಾ ಇಲಾಖೆಯ ಮುಜುಗರ. ಮುಜುಗರವಾಗದ ದಿನ, ಅಥವಾ ಬೇರೊಂದು ಸುದ್ದಿ ದೊಡ್ಡದಾದ ದಿನ, ಅದೇ ರೀತಿಯ ಪೋಸ್ಟ್‌ಗೆ ‘ಸಂಬಂಧಪಟ್ಟ ಠಾಣೆಗೆ ತಿಳಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬಂದು ಅಲ್ಲಿಗೇ ಮುಗಿಯುತ್ತದೆ. ಸಂಬಂಧಪಟ್ಟ ಠಾಣೆ ಎಂದರೆ ಯಾರ ಮೇಲೆ ದೂರಿದೆಯೋ ಅವರದೇ ಠಾಣೆ.

ಅಮಾನತು ಎಂಬುದರ ಬಗ್ಗೆಯೂ ಸ್ಪಷ್ಟತೆ ಬೇಕು. ಸೇವಾ ನಿಯಮಗಳ ದೃಷ್ಟಿಯಲ್ಲಿ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ನಡೆಯುವ ತನಕ ನೌಕರನನ್ನು ಕರ್ತವ್ಯದಿಂದ ದೂರ ಇಡುವ ತಾತ್ಕಾಲಿಕ ಕ್ರಮ. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗುತ್ತದೆ. ಶಿಕ್ಷೆ ಆಗಬೇಕಾದುದು ಇಲಾಖಾ ವಿಚಾರಣೆಯಲ್ಲಿ. ಕರ್ನಾಟಕದಲ್ಲಿ ಇದಕ್ಕೆ 1965ರ ಪೊಲೀಸ್ ಶಿಸ್ತು ನಡವಳಿಗಳ ನಿಯಮಗಳಿವೆ. ಆ ವಿಚಾರಣೆಯಲ್ಲಿ ದೂರುದಾರ ಬಂದು ಸಾಕ್ಷಿ ಹೇಳಬೇಕು, ಆರೋಪಿಯ ಪರವಾಗಿ ಪಾಟೀಸವಾಲು ಎದುರಿಸಬೇಕು. ಪೋಸ್ಟ್ ಹಾಕಿದವರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿರುತ್ತಾರೆ, ಇಲ್ಲವೇ ಮತ್ತೆ ಪೊಲೀಸ್ ಕಚೇರಿಯ ಮೆಟ್ಟಿಲು ಹತ್ತುವುದು ಬೇಡ ಎಂದು ಸುಮ್ಮನಾಗುತ್ತಾರೆ. ದೂರುದಾರ ಗೈರುಹಾಜರಾದರೆ ಆರೋಪ ಸಾಬೀತಾಗುವುದು ಕಷ್ಟ. ಆರೋಪ ಸಾಬೀತಾಗದಿದ್ದರೆ ಅಮಾನತಿನ ಅವಧಿಯನ್ನೂ ಕರ್ತವ್ಯದ ಅವಧಿಯೆಂದು ಪರಿಗಣಿಸಿ ಬಾಕಿ ಸಂಬಳ ಕೊಡಲು ಅವಕಾಶವಿದೆ. ಅಮಾನತಿನ ಸುದ್ದಿ ಮುಖಪುಟದಲ್ಲಿ ಬರುತ್ತದೆ, ಮರುನೇಮಕದ ಆದೇಶ ಕಡತದಲ್ಲಿ ಉಳಿಯುತ್ತದೆ.

ಆದ್ದರಿಂದ ನಾನು ಈ ಸಭೆಯಲ್ಲಿ ಒತ್ತಿ ಹೇಳಬೇಕೆಂದಿರುವುದು ಒಂದೇ ಮಾತು. ಸಾಮಾಜಿಕ ಜಾಲತಾಣದ ಪೋಸ್ಟ್ ಅನ್ಯಾಯವನ್ನು ಬಯಲಿಗೆ ತರುತ್ತದೆ. ಆದರೆ ಅದು ಸಹಿ ಮಾಡಿದ ದೂರಾಗಿ, ದಿನಾಂಕ ಮತ್ತು ಸಂಖ್ಯೆ ಹೊತ್ತ ದಾಖಲೆಯಾಗಿ ಮಾರ್ಪಡದ ಹೊರತು ಹೊಣೆಗಾರಿಕೆ ಹುಟ್ಟುವುದಿಲ್ಲ. ಮತ್ತು ಆ ಮಾರ್ಪಾಡಿಗೆ ಕಾನೂನು ಕೊಟ್ಟಿರುವ ಕಾಲಾವಕಾಶ ಬಹಳ ಚಿಕ್ಕದು.

ಎಷ್ಟು ಚಿಕ್ಕದು ಎಂದು ಹೇಳುತ್ತೇನೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಲಂಚ ಪಡೆದವರಿಗೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು. ಅದೇ ತಿದ್ದುಪಡಿ ಲಂಚ ಕೊಟ್ಟವರನ್ನೂ 8ನೇ ಕಲಮಿನಡಿ ಅಪರಾಧಿಯನ್ನಾಗಿ ಮಾಡಿತು. ಬಲವಂತಕ್ಕೆ ಒಳಗಾಗಿ ಕೊಟ್ಟವರಿಗೆ ವಿನಾಯಿತಿ ಇದೆ, ಆದರೆ ಷರತ್ತಿನ ಮೇಲೆ: ಹಣ ಕೊಟ್ಟ ದಿನದಿಂದ 7 ದಿನದೊಳಗೆ ತನಿಖಾ ಸಂಸ್ಥೆಗೋ ಕಾನೂನು ಜಾರಿ ಪ್ರಾಧಿಕಾರಕ್ಕೋ ವಿಷಯ ತಿಳಿಸಿರಬೇಕು. ಕಮಿಷನರ್ ಖಾತೆಗೆ ಟ್ಯಾಗ್ ಮಾಡಿದ ಪೋಸ್ಟ್ ಈ ‘ತಿಳಿಸುವಿಕೆ’ ಆಗುತ್ತದೆಯೇ ಎಂದು ವಾದಿಸಬಹುದು. ಆದರೆ ತಾನೇ ಆರೋಪಿಯಾಗುವ ಅಪಾಯವಿರುವಾಗ ವಾದವನ್ನು ನಂಬಿ ಕೂರುವುದು ಜಾಣತನವಲ್ಲ. ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಕೌಶಿಕ್ ಬಸು ಅವರು 2011ರಲ್ಲಿ, ತನಗೆ ಹಕ್ಕಾಗಿ ಸಿಗಬೇಕಾದುದಕ್ಕೆ ಲಂಚ ಕೊಡಬೇಕಾಗಿ ಬಂದವರನ್ನು ಶಿಕ್ಷೆಯಿಂದ ಪೂರ್ತಿ ಹೊರಗಿಡಬೇಕು, ಆಗ ಅವರು ಧೈರ್ಯವಾಗಿ ಮುಂದೆ ಬಂದು ಹೇಳುತ್ತಾರೆ ಎಂದು ವಾದಿಸಿದ್ದರು. ಅಂದು ಅದಕ್ಕೆ ತೀವ್ರ ವಿರೋಧ ಬಂತು. ಏಳು ವರ್ಷದ ನಂತರ ಬಂದ ಕಾನೂನು ಆ ದಿಕ್ಕಿನಲ್ಲಿ ಅರ್ಧ ಹೆಜ್ಜೆ ಮಾತ್ರ ಇಟ್ಟಿದೆ ಎಂದು ನನಗನ್ನಿಸುತ್ತದೆ. ಹೆದರಿದ ಮನುಷ್ಯನಿಗೆ ಹೆದರಿಕೆ ಇಳಿಯುವುದಕ್ಕೇ ಒಂದು ವಾರ ಬೇಕಾಗುತ್ತದೆ.

ಎರಡನೆಯ ಗಡುವು ಇನ್ನೂ ಚಿಕ್ಕದು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಎಲೆಕ್ಟ್ರಾನಿಕ್ ಸಂವಹನದ ಮೂಲಕವೂ ಅಪರಾಧದ ಮಾಹಿತಿ ಕೊಡಬಹುದು ಎಂದು ಹೇಳುತ್ತದೆ, ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದದ್ದು ಎಂಬ ತಕರಾರಿಲ್ಲದೆ ಅದನ್ನು ಸ್ವೀಕರಿಸಬೇಕು ಎಂದೂ ಹೇಳುತ್ತದೆ. ಆದರೆ ಹಾಗೆ ಕಳುಹಿಸಿದವರು 3 ದಿನದೊಳಗೆ ಅದಕ್ಕೆ ಸಹಿ ಹಾಕಬೇಕು, ಆಮೇಲೆಯೇ ಅದು ದಾಖಲೆಗೆ ಏರುವುದು. ಹೀಗಾಗಿ ಇಮೇಲ್ ಕಳುಹಿಸಿದೆ, ಪೋಸ್ಟ್ ಹಾಕಿದೆ ಎಂದು ಮನೆಯಲ್ಲಿ ಕಾಯುತ್ತಾ ಕೂತರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಠಾಣಾಧಿಕಾರಿ ದೂರು ತೆಗೆದುಕೊಳ್ಳಲು ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಲಂಚದ ಆರೋಪವಾದರೆ ನೇರವಾಗಿ ಲೋಕಾಯುಕ್ತ ಪೊಲೀಸರ ಬಳಿಗೇ ಹೋಗುವುದು ಒಳ್ಳೆಯದು. 2016ರಲ್ಲಿ ಸ್ಥಾಪಿಸಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದುಪಡಿಸಿದ ಮೇಲೆ ಈ ಅಧಿಕಾರ ಮತ್ತೆ ಲೋಕಾಯುಕ್ತಕ್ಕೇ ಬಂದಿದೆ. ತನ್ನದೇ ಸಹೋದ್ಯೋಗಿಯ ಮೇಲೆ ಎಫ್‌ಐಆರ್ ಬರೆಯುವ ಇಕ್ಕಟ್ಟು ಅಲ್ಲಿ ಸ್ವಲ್ಪ ಕಡಿಮೆ.

ಇನ್ನು ಸಾಕ್ಷ್ಯ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ವಿಡಿಯೊ ಜನರ ಸಿಟ್ಟನ್ನು ಕೆರಳಿಸಬಲ್ಲದು. ನ್ಯಾಯಾಲಯದಲ್ಲಿ ಅದರ ಬೆಲೆ ಅಷ್ಟಕ್ಕಷ್ಟೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಖಚಿತವಾಗಿ ಹೇಳಿದೆ. ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಆ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ಕೇಳುತ್ತದೆ. ವಿಡಿಯೊ ತೆಗೆದ ಮೂಲ ಫೋನನ್ನು ಹಾಗೆಯೇ ಉಳಿಸಿಕೊಳ್ಳಿ. ಅದನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ವಿಡಿಯೊವನ್ನು ಕತ್ತರಿಸಿ ಹಿನ್ನೆಲೆ ಸಂಗೀತ ಸೇರಿಸಬೇಡಿ. ಯುಪಿಐ ವ್ಯವಹಾರದ ಸ್ಕ್ರೀನ್‌ಶಾಟ್ ಸಾಲದು, ಬ್ಯಾಂಕಿನಿಂದ ಖಾತೆಯ ವಿವರಪಟ್ಟಿ ಪಡೆದುಕೊಳ್ಳಿ. ಹಣ ಪೊಲೀಸರ ಖಾತೆಗಲ್ಲ, ಪಕ್ಕದ ಅಂಗಡಿಯವನ ಖಾತೆಗೆ ಹೋಗಿದ್ದರೂ ಧೈರ್ಯಗೆಡಬೇಕಾಗಿಲ್ಲ. ಬೇರೊಬ್ಬರ ಮೂಲಕ ಪಡೆಯುವುದೂ ಅಪರಾಧವೇ, ಆ ಅಂಗಡಿಯವನೇ ಮುಖ್ಯ ಸಾಕ್ಷಿಯಾಗಬಲ್ಲ. ಠಾಣೆಯೊಳಗೆ ನಡೆದ ಪ್ರಸಂಗವಾದರೆ ಸಿಸಿಟಿವಿ ದೃಶ್ಯವನ್ನು ಉಳಿಸಬೇಕೆಂದು ಬರವಣಿಗೆಯಲ್ಲಿ ಕೂಡಲೇ ಕೇಳಿ. ಪ್ರತಿಯೊಂದು ಠಾಣೆಯಲ್ಲೂ ಧ್ವನಿ ಸಹಿತ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಇಟ್ಟಿರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿದೆ. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬಂದರೆ ಆ ಉತ್ತರವೂ ಬರವಣಿಗೆಯಲ್ಲಿರಲಿ.

ಸಾಕ್ಷಿ ಹಿಂದೆ ಸರಿದರೆ ಎಲ್ಲವೂ ಮುಗಿಯಿತು ಎಂಬ ಭಾವನೆ ಜನರಲ್ಲಿದೆ. ಮಾನ್ಯತಾ ಪ್ರಕರಣ ನಡೆದ ಅದೇ ತಿಂಗಳು, ಡಿಸೆಂಬರ್ 15ರಂದು, ನೀರಜ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದಕ್ಕೆ ಉತ್ತರ ಕೊಟ್ಟಿತು. ಲಂಚ ಕೇಳಿದ್ದನ್ನೂ ಪಡೆದದ್ದನ್ನೂ ಪ್ರಾಸಿಕ್ಯೂಷನ್ ಸಾಬೀತು ಮಾಡಲೇಬೇಕು. ಆದರೆ ದೂರುದಾರ ತೀರಿಕೊಂಡಿದ್ದರೂ, ಪ್ರತಿಕೂಲ ಸಾಕ್ಷಿಯಾಗಿದ್ದರೂ, ಬೇರೆ ಸಾಕ್ಷಿಗಳಿಂದ, ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ಸಾಬೀತು ಮಾಡಬಹುದು ಎಂದಿತು. ಒಳ್ಳೆಯ ದಾಖಲೆ ಇದ್ದರೆ ಪ್ರಕರಣ ಒಬ್ಬರ ಧೈರ್ಯದ ಮೇಲೆಯೇ ನಿಲ್ಲಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಡ.

ಪೋಸ್ಟ್ ಹಾಕುವವರ ಮೇಲೆಯೇ ಕೇಸು ಬೀಳುವ ಭಯ ಸುಳ್ಳಲ್ಲ. ಆಕ್ಷೇಪಾರ್ಹ ಆನ್‌ಲೈನ್ ಬರಹವನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅಸಿಂಧುಗೊಳಿಸಿತು. ಅದಾಗಿ ವರ್ಷಗಳು ಕಳೆದ ಮೇಲೂ ಹಲವು ರಾಜ್ಯಗಳ ಪೊಲೀಸರು ಅದೇ ಕಲಮಿನಡಿ ಮೊಕದ್ದಮೆ ಹೂಡುತ್ತಿದ್ದರು. 2022ರಲ್ಲಿ ನ್ಯಾಯಾಲಯ ಮತ್ತೊಮ್ಮೆ ಆದೇಶ ಕೊಟ್ಟು ತಡೆಯಬೇಕಾಯಿತು. ಸರ್ಕಾರಿ ಕರ್ತವ್ಯಕ್ಕೆ ಅಡ್ಡಿ ಎಂಬ ಆರೋಪವಂತೂ ಸದಾ ಸಿದ್ಧವಾಗಿರುತ್ತದೆ. ಆದರೆ ಸಾರ್ವಜನಿಕ ಸ್ಥಳದಲ್ಲಿ ಕರ್ತವ್ಯದಲ್ಲಿರುವ ಪೊಲೀಸರ ಚಿತ್ರೀಕರಣವನ್ನು ಸಾಮಾನ್ಯವಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಠಾಣೆಯೊಳಗೆ ವಿಡಿಯೊ ಮಾಡಿದರೆಂದು ಅಧಿಕೃತ ರಹಸ್ಯ ಕಾಯ್ದೆಯಡಿ ಹಾಕಿದ್ದ ಪ್ರಕರಣವನ್ನು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ರದ್ದುಮಾಡಿ, ಪೊಲೀಸ್ ಠಾಣೆ ಆ ಕಾಯ್ದೆ ಹೇಳುವ ನಿಷೇಧಿತ ಸ್ಥಳವಲ್ಲ ಎಂದು ತೀರ್ಪು ಕೊಟ್ಟಿದೆ. ಪೊಲೀಸರ ಮೈಗೆ ತಾಗದಂತೆ, ಕೆಲಸಕ್ಕೆ ಅಡ್ಡ ಬಾರದಂತೆ, ದೂರ ನಿಂತು ಚಿತ್ರೀಕರಿಸಿ. ಬರೆಯುವಾಗ ಕಂಡದ್ದನ್ನು, ಕೇಳಿದ್ದನ್ನು, ಕೊಟ್ಟದ್ದನ್ನು ಮಾತ್ರ ಬರೆಯಿರಿ. ಅವರ ಮನೆಯವರ ಫೋಟೊ, ಮಕ್ಕಳ ಶಾಲೆ, ಜಾತಿ, ಊರು ಇವುಗಳನ್ನು ಎಳೆದು ತರುವುದು ಅನ್ಯಾಯ. ದೂರಿನ ಬಲವನ್ನೂ ಅದು ಕುಗ್ಗಿಸುತ್ತದೆ.

ಜಾಲತಾಣದ ಶಕ್ತಿ ಮತ್ತು ಮಿತಿ ಎರಡನ್ನೂ ದೊಡ್ಡ ಪ್ರಮಾಣದಲ್ಲಿ ಕಂಡ ದೇಶ ನೈಜೀರಿಯಾ. ದರೋಡೆಕೋರರನ್ನು ಹಿಡಿಯಲೆಂದು 1992ರಲ್ಲಿ ಕಟ್ಟಿದ ‘ಸಾರ್ಸ್’ ಎಂಬ ಪೊಲೀಸ್ ದಳ ಬರಬರುತ್ತಾ ಲ್ಯಾಪ್‌ಟಾಪ್ ಅಥವಾ ಒಳ್ಳೆಯ ಫೋನ್ ಹಿಡಿದ ಯುವಕರನ್ನು ಆನ್‌ಲೈನ್ ವಂಚಕರೆಂದು ತಡೆದು, ಎಟಿಎಂವರೆಗೆ ನಡೆಸಿಕೊಂಡು ಹೋಗಿ ಹಣ ತೆಗೆಸುವುದಕ್ಕೆ ಕುಖ್ಯಾತವಾಯಿತು. 2017ರಲ್ಲಿ ‘ಎಂಡ್ ಸಾರ್ಸ್’ ಎಂಬ ಹ್ಯಾಷ್‌ಟ್ಯಾಗ್ ಹುಟ್ಟಿತು. ಸುಧಾರಣೆಯ ಘೋಷಣೆಗಳು ಮತ್ತೆ ಮತ್ತೆ ಬಂದವು, ದಳ ಉಳಿಯಿತು. 2020ರ ಅಕ್ಟೋಬರ್‌ನಲ್ಲಿ ಜನ ಬೀದಿಗಿಳಿದ ಮೇಲೆ, 11ರಂದು, ಅದನ್ನು ವಿಸರ್ಜಿಸಲಾಯಿತು. ಅದೇ ತಿಂಗಳ 20ರ ರಾತ್ರಿ ಲಾಗೋಸ್‌ನ ಲೆಕ್ಕಿ ಟೋಲ್ ಗೇಟ್‌ನಲ್ಲಿ ಪ್ರತಿಭಟನಕಾರರ ಮೇಲೆ ಸೈನಿಕರು ಗುಂಡು ಹಾರಿಸಿದರು. ಮರುವರ್ಷ ಜೂನ್‌ನಲ್ಲಿ ಸರ್ಕಾರ ಬೇರೊಂದು ಕಾರಣ ಮುಂದಿಟ್ಟು ಟ್ವಿಟರ್ ಅನ್ನೇ ನಿಷೇಧಿಸಿತು, ಅದು ಏಳು ತಿಂಗಳು ನಡೆಯಿತು. ವೇದಿಕೆ ಇರುವುದು ಖಾಸಗಿ ಕಂಪನಿಯ ಮರ್ಜಿಯಲ್ಲಿ, ಅದನ್ನು ಮುಚ್ಚಿಸುವ ಶಕ್ತಿ ಇರುವುದು ಯಾರನ್ನು ಪ್ರಶ್ನಿಸುತ್ತೇವೋ ಅದೇ ಪ್ರಭುತ್ವದ ಕೈಯಲ್ಲಿ.

ಹಾಗಾದರೆ ದೂರು ಹೋಗಬೇಕಾದ ಜಾಗ ಯಾವುದು? ಇದಕ್ಕೆ ಉತ್ತರ ನಮ್ಮಲ್ಲಿ 2006ರಿಂದಲೇ ಇದೆ. ಉತ್ತರ ಪ್ರದೇಶ ಮತ್ತು ಅಸ್ಸಾಂ ಪೊಲೀಸ್ ಮುಖ್ಯಸ್ಥರೂ ಗಡಿ ಭದ್ರತಾ ಪಡೆಯ ಮಹಾನಿರ್ದೇಶಕರೂ ಆಗಿದ್ದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು ಏಳು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದು, ರಾಜ್ಯ ಮಟ್ಟದಲ್ಲಿ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ರಚಿಸಬೇಕು ಎಂಬುದು. ರಾಜ್ಯ ಪ್ರಾಧಿಕಾರಕ್ಕೆ ನಿವೃತ್ತ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ, ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರಬೇಕು. ಜಿಲ್ಲಾ ಪ್ರಾಧಿಕಾರ ವಿಚಾರಿಸಬಹುದಾದ ವಿಷಯಗಳನ್ನು ಹೇಳುವಾಗ ಆ ತೀರ್ಪು ಸುಲಿಗೆಯನ್ನೂ, ಜಮೀನು ಮತ್ತು ಮನೆ ಕಬಳಿಕೆಯನ್ನೂ ಹೆಸರಿಸಿಯೇ ಹೇಳಿದೆ. ಪ್ರಾಧಿಕಾರದ ಶಿಫಾರಸು ಇಲಾಖೆಯ ಮೇಲೆ ಬಂಧನಕಾರಿಯಾಗಿರಬೇಕು ಎಂದೂ ಹೇಳಿದೆ. ನಡುರಾತ್ರಿ ಗಸ್ತು ವಾಹನದ ಮುಂದೆ ನಿಂತು ಅಳುವ ಮನುಷ್ಯನಿಗಾಗಿಯೇ ಬರೆದಂತಿರುವ ಸಾಲುಗಳಿವು.

ಆದರೆ ನಡೆದದ್ದೇನು? ಪೊಲೀಸ್ ರಾಜ್ಯಪಟ್ಟಿಯ ವಿಷಯ. ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿಕೊಂಡವು. ಕರ್ನಾಟಕವು 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ಪ್ರಾಧಿಕಾರಗಳಿಗೆ ಜಾಗ ಮಾಡಿತು. ದೇಶದ ಹಲವು ಕಡೆ ಸೇವೆಯಲ್ಲಿರುವ ಅಧಿಕಾರಿಗಳನ್ನೇ ಪ್ರಾಧಿಕಾರದ ಸದಸ್ಯರನ್ನಾಗಿ ಮಾಡಲಾಯಿತು, ಶಿಫಾರಸನ್ನು ಒಪ್ಪುವುದೂ ಬಿಡುವುದೂ ಸರ್ಕಾರದ ಇಷ್ಟಕ್ಕೆ ಬಿಟ್ಟದ್ದಾಯಿತು, ಅಧ್ಯಕ್ಷರ ಹುದ್ದೆಗಳು ಖಾಲಿ ಉಳಿದವು. ಇವತ್ತು ಈ ಸಭಾಂಗಣದಿಂದ ಹೊರಗೆ ಹೋಗಿ ನಿಮ್ಮ ಜಿಲ್ಲೆಯ ಪೊಲೀಸ್ ದೂರು ಪ್ರಾಧಿಕಾರದ ಕಚೇರಿ ಎಲ್ಲಿದೆ ಎಂದು ಹತ್ತು ಜನರನ್ನು ಕೇಳಿ ನೋಡಿ. ಕಮಿಷನರ್ ಅವರ ಎಕ್ಸ್ (ಹಿಂದಿನ ಟ್ವಿಟರ್) ಖಾತೆ ಗೊತ್ತಿರುವವರಿಗೂ ಅದು ಗೊತ್ತಿರುವುದಿಲ್ಲ. ಜನ ಟ್ವೀಟ್ ಮಾಡುವುದು ಜಾಲತಾಣದ ಮೋಹದಿಂದಲ್ಲ. ಹೋಗಬೇಕಾದ ಬಾಗಿಲು ಕಾಣದಿರುವುದರಿಂದ.

ಕಾನೂನಿನಲ್ಲೇ ಇರುವ ಇನ್ನೊಂದು ತಡೆಯನ್ನೂ ಹೇಳಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು, ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ. 2020ರ ಜೂನ್‌ನಲ್ಲಿ ನಮ್ಮದೇ ರಾಜ್ಯದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ಸಂಬಂಧವಿದ್ದರೆ, ಅಧಿಕಾರ ಮೀರಿ ನಡೆದುಕೊಂಡಿದ್ದರೂ ಈ ರಕ್ಷಣೆ ಸಿಗುತ್ತದೆ ಎಂದಿತು. ಸಂಬಂಧವೇ ಇಲ್ಲದಿದ್ದರೆ ಸಿಗದು. ದಾರಿಹೋಕರ ಜೇಬಿನಿಂದ ಹಣ ಕೀಳುವುದಕ್ಕೂ ಕರ್ತವ್ಯಕ್ಕೂ ಯಾವ ಸಂಬಂಧ ಎಂದು ನಾವು ಕೇಳಬಹುದು, ಕೇಳಲೇಬೇಕು. ಆದರೆ ಆ ವಾದವನ್ನು ಪ್ರತಿ ಪ್ರಕರಣದಲ್ಲೂ ಹೊಸದಾಗಿ ಮಾಡಬೇಕಾಗುತ್ತದೆ, ಅದಕ್ಕೆ ವಕೀಲರು ಬೇಕು, ವರ್ಷಗಳು ಬೇಕು.

ಕೆಳಹಂತದ ಇಬ್ಬರನ್ನು ಅಮಾನತು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬುವುದಿಲ್ಲ. ಪೊಲೀಸರ ಸ್ಥಿತಿಗತಿ ಕುರಿತ 2019ರ ರಾಷ್ಟ್ರೀಯ ವರದಿಯೊಂದು ನಮ್ಮ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ ಎಂದು ಹೇಳಿತು. ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಅಕ್ರಮ 2022ರಲ್ಲಿ ಬಯಲಾದಾಗ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು. ಹುದ್ದೆಗೂ ವರ್ಗಾವಣೆಗೂ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ ಕೊಟ್ಟ ಹಣವನ್ನು ರಸ್ತೆಯಲ್ಲಿ ವಾಪಸು ಪಡೆಯುವ ಒತ್ತಡ ಸಹಜವಾಗಿಯೇ ಹುಟ್ಟುತ್ತದೆ. ಇದು ಸುಲಿಗೆಗೆ ಸಮರ್ಥನೆಯಲ್ಲ. ಪ್ರಾಮಾಣಿಕವಾಗಿ ರಾತ್ರಿ ಪಾಳಿ ಮಾಡುವ ಸಾವಿರಾರು ಕಾನ್‌ಸ್ಟೆಬಲ್‌ಗಳ ಮಟ್ಟಿಗೆ ಇಂಥ ಸುಲಿಗೆ ಅವಮಾನ, ಅವರ ಮಾತು ಈ ಚರ್ಚೆಯಲ್ಲಿ ಕೇಳಿಬರದಿರುವುದು ನಮ್ಮೆಲ್ಲರ ನಷ್ಟ.

ಉಪನ್ಯಾಸ ಮುಗಿದ ಮೇಲೆ ಸಭಿಕರಲ್ಲಿ ಒಬ್ಬ ಮಹಿಳೆ ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತಿದ್ದೇನೆ. ‘ಸಾರ್, ನೀವು ಹೇಳಿದ್ದು ಒಂದು ರಾತ್ರಿ ಸಿಕ್ಕಿಬಿದ್ದವರ ವಿಷಯ. ನಮ್ಮ ತಳ್ಳುಗಾಡಿಯವರು ವಾರ ವಾರ ಮಾಮೂಲಿ ಕೊಡ್ತಾರಲ್ಲ, ಅವರು ಪೋಸ್ಟ್ ಹಾಕಿದರೆ ಮಾರನೇ ದಿನ ಗಾಡಿ ಎಲ್ಲಿ ನಿಲ್ಲಿಸಬೇಕು?’ ಎಂದು ಅವರು ಕೇಳಿದರು.

ಆ ಪ್ರಶ್ನೆ ನನ್ನ ಮಾತಿನ ಕೊರತೆಯನ್ನು ಸರಿಯಾಗಿ ಹಿಡಿದಿತ್ತು. ದಾರಿಹೋಕನಿಗೆ ಆ ಪೊಲೀಸರನ್ನು ಮತ್ತೆ ನೋಡುವ ಪ್ರಸಂಗ ಬಾರದಿರಬಹುದು; ಬೀದಿ ವ್ಯಾಪಾರಿ ಅದೇ ಬೀಟಿನಲ್ಲಿ ಪ್ರತಿದಿನ ಬದುಕಬೇಕು. ಹೀಗಾಗಿ ಅಲ್ಲಿ ಒಬ್ಬೊಬ್ಬರೇ ಹೆಸರು ಹಾಕಿ ಪೋಸ್ಟ್ ಮಾಡುವುದನ್ನು ನಾನು ಸಲಹೆ ಮಾಡುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ 27ನೇ ಕಲಮು, ವ್ಯಾಪಾರ ಪ್ರಮಾಣಪತ್ರದ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರಾಗಲಿ ಬೇರೆ ಯಾವ ಪ್ರಾಧಿಕಾರವಾಗಲಿ ತಡೆಯುವಂತಿಲ್ಲ ಎನ್ನುತ್ತದೆ. 20ನೇ ಕಲಮಿನಡಿ, ಸಿವಿಲ್ ನ್ಯಾಯಾಧೀಶರೋ ಮ್ಯಾಜಿಸ್ಟ್ರೇಟರೋ ಆಗಿದ್ದವರ ಅಧ್ಯಕ್ಷತೆಯ ಕುಂದುಕೊರತೆ ಸಮಿತಿ ಇರಬೇಕು. ಆದ್ದರಿಂದ ಮೊದಲು ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ನಾಮಫಲಕ ಧರಿಸಿದವರು ಅಥವಾ ಯಾವ ನಂಬರಿನ ವಾಹನದಲ್ಲಿ ಬಂದವರು, ಎಷ್ಟು ತೆಗೆದುಕೊಂಡರು ಎಂದು ಆಯಾ ದಿನವೇ ಬರೆದಿಡಬೇಕು. ನಾಲ್ಕಾರು ಗಾಡಿಯವರ ನೋಟ್‌ಬುಕ್ಕುಗಳು ಒಂದೇ ದಿನಾಂಕ, ಒಂದೇ ಹೆಸರನ್ನು ಹೇಳತೊಡಗಿದಾಗ ಸಂಘದ ಹೆಸರಿನಲ್ಲಿ, ಪದಾಧಿಕಾರಿಗಳ ಸಹಿಯಲ್ಲಿ ಲೋಕಾಯುಕ್ತ ಪೊಲೀಸರಿಗೆ ಒಂದು ದೂರು, ಪೊಲೀಸ್ ದೂರು ಪ್ರಾಧಿಕಾರಕ್ಕೆ ಒಂದು ಪ್ರತಿ, ಪಟ್ಟಣ ವ್ಯಾಪಾರ ಸಮಿತಿಗೆ ಒಂದು ಪ್ರತಿ ಕೊಟ್ಟು, ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಮುಂದಿನ ವಾರದ ವಸೂಲಿಗೆ ಬರುವ ಮೊದಲೇ ಲೋಕಾಯುಕ್ತರಿಗೆ ತಿಳಿಸಿದರೆ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನ ಭಯವೂ ಇರುವುದಿಲ್ಲ, ಏಕೆಂದರೆ ಮೊದಲೇ ತಿಳಿಸಿ ಟ್ರ್ಯಾಪ್‌ಗಾಗಿ ಕೊಡುವ ಹಣ ಅಪರಾಧವಲ್ಲವೆಂದು ಆ ಕಲಮೇ ಹೇಳುತ್ತದೆ.

ಪೋಸ್ಟ್ ಆಮೇಲೆ ಹಾಕಬಹುದು, ಸಂಘದ ಖಾತೆಯಿಂದ, ಆ ಮುದ್ರೆ ಬಿದ್ದ ಪ್ರತಿಯ ಚಿತ್ರದೊಂದಿಗೆ.